ಸೆರಗಿನ ಹಿಂದಿನ ನಂಬರು

ನಮ್ಮ ಊರು ಸಗರದಿಂದ ಬರುವ ರಸ್ತೆಯಲ್ಲಿ, ಶಹಾಪುರ ಶುರುವಾಗುವ ಕಡೆ, ಒಂದು ಕಂಬ ನಿಲ್ಲಿಸಿ ಕ್ಯಾಮರಾ ಕೂಡಿಸಿದರು. ಗಾಡಿ ದಾಟಿದ ಮೇಲೆ ಅದು ಹಿಂದಿನಿಂದ ಫೋಟೊ ತೆಗೆಯುತ್ತದೆ. ತಲೆಯ ಮೇಲೆ ಹೆಲ್ಮೆಟ್ ಇಲ್ಲದಿದ್ದರೆ ನಂಬರು ಹಿಡಿದು ದಂಡದ ಮೆಸೇಜು ಬರುತ್ತದೆ. ನಮ್ಮ ಅಣ್ಣನ ಹತ್ತಿರ ಹೆಲ್ಮೆಟ್ ಇರಲಿಲ್ಲವೆಂದಲ್ಲ. ಅದು ಬೈಕಿನ ಹ್ಯಾಂಡಲಿಗೆ ತೂಗುತ್ತಿತ್ತು. ಸಂತೆಯಿಂದ ಬರುವಾಗ ಅದರೊಳಗೆ ಬದನೆಕಾಯಿ, ಮೆಂತ್ಯದ ಸಿವುಡು ಬರುತ್ತಿದ್ದವು.

ಮೊದಲ ಮೆಸೇಜು ಬಂದಾಗ ಮನೆಯಲ್ಲಿ ನಗೆಯೇ ಆಯಿತು. ಫೋಟೊದಲ್ಲಿ ಅಣ್ಣನ ಬೆನ್ನು, ಅದಕ್ಕೆ ಒತ್ತಿಕೊಂಡು ಒಂದೇ ಕಡೆ ಕಾಲು ಬಿಟ್ಟು ಕೂತ ಅವನ ಹೆಂಡತಿ, ನಮ್ಮ ವೈನಿ. ಪಕ್ಕದ ಮನೆಯ ಕಾಕಾ ಮೊಬೈಲನ್ನು ದೂರ ಹಿಡಿದು ನೋಡಿದ.

"ಛಲೋ ಬಂದದಲ್ಲೋ. ಲಗ್ನದ ಫೋಟೊದಾಗೂ ಇಷ್ಟು ಸನೇಕ ಕುಂತಿದ್ದಿಲ್ಲ ನೀವು."

"ನಗು ಕಾಕಾ, ನಗು. ದಂಡ ಕಟ್ಟಾಂವ ನಾನು" ಎಂದ ಅಣ್ಣ.

ಆಮೇಲೆ ಊರಿನಲ್ಲಿ ಒಂದು ರೂಢಿ ಬಿತ್ತು. ಕಂಬ ಹತ್ತಿರ ಬಂದರೆ ಹಿಂದೆ ಕೂತವರು ನಂಬರ್ ಪ್ಲೇಟ್ ಮುಚ್ಚಬೇಕು. ಗಂಡಸರು ಹೆಗಲ ಮೇಲಿನ ದಸ್ತಿ ಇಳಿಬಿಡುತ್ತಿದ್ದರು, ಹೆಂಗಸರು ಸೆರಗು. ವೈನಿ ಒಂದು ಕೈಯಲ್ಲಿ ಅಣ್ಣನ ಭುಜ ಹಿಡಿದು, ಇನ್ನೊಂದು ಕೈಯಿಂದ ಸೆರಗನ್ನು ಬೆನ್ನ ಹಿಂದೆ ಪ್ಲೇಟಿನ ಮೇಲೆ ಚಾಚುವುದನ್ನು ಕಲಿತಳು. ಯಾರಿಗೂ ಅದು ತಪ್ಪೆನ್ನಿಸಲಿಲ್ಲ. ಅಡುಗೆಗೆ ಉಪ್ಪು ಹಾಕುವಷ್ಟೇ ಸಹಜವಾಗಿತ್ತು.

ಸುರಪುರದಲ್ಲಿ ನಾನು ಪಾಠ ಮಾಡುವ ಶಾಲೆಯಲ್ಲೂ ಕ್ಯಾಮರಾದ ಮಾತು ನಡೆಯುತ್ತಿತ್ತು. ಗಣಿತದ ಮೇಷ್ಟ್ರಿಗೆ ಅದನ್ನು ಕಂಡರಾಗದು.

"ಪೊಲೀಸ ಅಂದ್ರ ಮನಷ್ಯಾ ಇರ್ತಾನ್ರಿ ಟೀಚರ್. ದವಾಖಾನಿಗಿ ಹೊಂಟೀನಿ ಅಂದ್ರ ಬಿಡ್ತಾನ. ಕಂಬಕ್ಕೇನು ಹೇಳ್ತೀರಿ?"

"ಕಂಬಕ್ಕ ಬೀಗರು ನೆಂಟರು ಇಲ್ರಿ ಸರ್. ಎಲ್ಲಾರಿಗೂ ಒಂದಾ ಕಾನೂನು" ಎಂದು ನಾನು ಹೇಳುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ, ಮೊದಲಿನಷ್ಟು ಬೇಗ ಬಾಯಿಗೆ ಬರುವುದಿಲ್ಲ.

ಅಂದು ಶಹಾಪುರದಲ್ಲಿ ಸಂಬಂಧಿಕರ ಮಗುವಿನ ತೊಟ್ಟಿಲ ಕಾರ್ಯವಿತ್ತು. ಅಣ್ಣ, ವೈನಿ ಬೈಕಿನ ಮೇಲೆ ಮುಂದೆ. ನಾನು ಸ್ಕೂಟರಿನಲ್ಲಿ ಅವರ ಹಿಂದೆ, ಬೇಕಾದುದಕ್ಕಿಂತ ಹತ್ತಿರ. ಕಂಬ ಕಂಡಿತು. ವೈನಿಯ ಹಸಿರು ಸೆರಗು ಪ್ಲೇಟಿನ ಮೇಲೆ ಇಳಿಯಿತು. ಕಂಬಕ್ಕೆ ಮುಂಚೆ ರಸ್ತೆಯ ಉಬ್ಬು ಇದೆ. ಬೈಕು ಅದರ ಮೇಲೆ ಕುಪ್ಪಳಿಸಿತು, ಸೆರಗಿನ ತುದಿ ಗಾಲಿಯೊಳಗೆ ಹೋಯಿತು. ಆಮೇಲೆ ಯಾರೋ ಎಳೆದ ಹಾಗೆ ವೈನಿ ಹಿಂದಕ್ಕೆ ಬಿದ್ದಳು.

ನಾನು ಬ್ರೇಕು ಹಾಕಿದೆನೋ, ಹ್ಯಾಂಡಲ್ ತಿರುಗಿಸಿದೆನೋ ತಿಳಿಯದು. ಸ್ಕೂಟರು ನಿಂತಾಗ ಅದರ ಮುಂದಿನ ಗಾಲಿ ಅವಳ ತುರುಬಿನ ಪಕ್ಕದಲ್ಲಿತ್ತು. ತುರುಬಿನಿಂದ ಬಿದ್ದ ಮಲ್ಲಿಗೆ ಟೈರಿನ ಕೆಳಗಿತ್ತು. ನೆನಪಿನಲ್ಲಿ ಗಾಲಿ ಕೆಲವು ಸಲ ನಿಲ್ಲುತ್ತದೆ, ಕೆಲವು ಸಲ ನಿಲ್ಲುವುದಿಲ್ಲ. ಬೋರ್ಡಿನ ಮೇಲೆ ಬರೆಯುತ್ತಿರುವಾಗ ಕೂಡ ಅದು ಬರುತ್ತದೆ.

ಸೆರಗು ಅವಳ ಕುತ್ತಿಗೆಗೆ ಬಿಗಿದಿತ್ತು. ಅಣ್ಣ ಬೈಕು ನಿಲ್ಲಿಸಿದ್ದ. ಆದರೆ ಗಾಲಿಯಿಂದ ಬಟ್ಟೆ ಬಿಡಿಸಲು ಅವನ ಕೈ ಏಳಲಿಲ್ಲ. ಹೊಲದಿಂದ ಬರುತ್ತಿದ್ದ ಹೆಂಗಸೊಬ್ಬಳು ಕುಡಗೋಲಿನಿಂದ ಸೆರಗನ್ನು ಕತ್ತರಿಸಿದಳು.

"ಹೊಸಾ ಸೀರಿ ಇತ್ತು" ಎಂದಳು ವೈನಿ, ಉಸಿರು ಬಂದ ಮೇಲೆ.

"ಕುತ್ತಗಿ ಹಳೀದಾದ್ರೂ ಉಳೀತಲ್ಲವ್ವ, ಸುಮ್ನ ಮಲ್ಕೊ" ಎಂದಳು ಆ ಹೆಂಗಸು.

ಕುತ್ತಿಗೆಯ ಸುತ್ತ ಕಪ್ಪು ಗೆರೆ, ಮೊಣಕೈ ತರಚು. ಬೇರೇನೂ ಆಗಲಿಲ್ಲ. ದನಿ ಮಾತ್ರ ಬಹಳ ದಿನ ಒಡಕಾಗಿತ್ತು. ನೋಡಲು ಬಂದವರೆಲ್ಲ ಕಟ್ಟೆಯ ಮೇಲೆ ಕೂತು ಕ್ಯಾಮರಾದ ಮಾತೇ ಆಡಿದರು.

"ಆ ಕಂಬ ಇರಲಿಲ್ಲಂದ್ರ ಹಿಂಗ ಆಗ್ತಿತ್ತೇನು? ರಸ್ತಾದಾಗಿನ ಉಬ್ಬು ಅದರ ಕಣ್ಣಿಗಿ ಕಾಣಂಗಿಲ್ಲ, ನನ್ನ ತಲಿ ಕಾಣ್ತದ" ಎಂದ ಅಣ್ಣ.

"ತಲಿ ಮ್ಯಾಲ ಬುಟ್ಟಿ ಇಟ್ಕೊಂಡಿದ್ರ ಮುಗೀತಿತ್ತಲ್ಲೋ" ಎಂದ ಕಾಕಾ. ಹೆಲ್ಮೆಟ್ಟಿಗೆ ಅವನು ಇಟ್ಟ ಹೆಸರು ಅದು.

"ಬಿಸಲಾಗ ಒಂದು ತಾಸು ಹಾಕ್ಕೊಂಡು ನೋಡು ನೀನು, ಮಿದುಳು ಬೆಂದು ಪಲ್ಲೆ ಆಗ್ತದ."

ನನ್ನನ್ನು ಕೇಳಿದರು. ನಾನು ಕಣ್ಣಾರೆ ನೋಡಿದವಳು, ಓದಿದವಳು. ತಪ್ಪು ಕಂಬದ್ದೋ ಅಣ್ಣನದೋ ಎಂದು ಹೇಳಲು ನನ್ನ ಹತ್ತಿರ ಮಾತಿತ್ತು. ಆದರೆ ವೈನಿ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ಮತ್ತೆ ಆ ಬೈಕಿನ ಹಿಂದೆ ಕೂರಬೇಕಾದವಳು ಅವಳು.

ಮುಂದೆ ಡಾಕ್ಟರಿಗೆ ತೋರಿಸಲು ಹೋಗುವ ದಿನ ಬಂತು. ನಾನು ಈ ಸಲ ಬಹಳ ದೂರ ಬಿಟ್ಟು ಹಿಂದೆ ಹೊರಟೆ. ಹೆಲ್ಮೆಟ್ ಹ್ಯಾಂಡಲಿನಲ್ಲೇ ಇತ್ತು. ಕಂಬದ ಹತ್ತಿರ ಅಣ್ಣ ಏನೋ ಕೂಗಿದ. ವೈನಿಯ ಕೈ ಸೆರಗಿಗೆ ಹೋಗಲಿಲ್ಲ.

ದವಾಖಾನೆಯ ಮುಂದೆ ಅವನು ಸಿಟ್ಟಿನಲ್ಲಿದ್ದ. "ಮುಚ್ಚು ಅಂದ್ರ ಕೇಳ್ಸಲಿಲ್ಲೇನು?"

"ಕೇಳಿಸ್ತ್ರಿ" ಎಂದಳು ವೈನಿ, ಆ ಒಡಕು ದನಿಯಲ್ಲೇ. "ನಿಮಗ ನಂಬರ್ ಮುಚ್ಚೂದಿತ್ತಂದ್ರ ನೀವು ಹಿಂದ ಕುಂದರ್ರಿ. ನಾ ಗಾಡಿ ಕಲೀತೀನಿ."

ದಂಡದ ಮೆಸೇಜು ಬಂದಾಗ ಅಣ್ಣ ಅದನ್ನು ಯಾರಿಗೂ ತೋರಿಸಲಿಲ್ಲ. ನಾನೇ ಕೇಳಿ ನೋಡಿದೆ. ನಂಬರು ಸ್ಪಷ್ಟವಾಗಿ ಕಾಣುತ್ತದೆ. ವೈನಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಅಣ್ಣನನ್ನು ಹಿಡಿದು, ಕತ್ತು ತಿರುಗಿಸಿ ನೇರ ಕ್ಯಾಮರಾವನ್ನೇ ನೋಡುತ್ತಿದ್ದಾಳೆ. ಕುತ್ತಿಗೆಯ ಗೆರೆ ಕೂಡ ಬಂದಿದೆ.