ಕನೀಜ್ ಬಿಚ್ಚದ ಗಂಟು

ಚಿಕ್ಕಬೈರಪ್ಪನವರು ಯಾರನ್ನೂ ಸುಲಭಕ್ಕೆ ಮೆಚ್ಚುವ ಆಸಾಮಿಯಲ್ಲ. ಅಲ್ಲಾಳಸಂದ್ರದ ಕೆರೆ ಕೆಳಗೆ ಗದ್ದೆಯಿದ್ದ ಮನೆತನದವರು. ಓದಿ, ಜಾಲಹಳ್ಳಿಯಾಚೆಯ ಕಾರ್ಖಾನೆಯೊಂದರ ಪಿಂಚಣಿ ನಿಧಿ ವಿಭಾಗಕ್ಕೆ ಸೂಪರಿಂಟೆಂಡೆಂಟರಾಗಿದ್ದರು. ಆ ವಿಭಾಗವನ್ನು ಕಾರ್ಮಿಕರು ಫಂಡ್ ಆಫೀಸು ಅನ್ನುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಹುಟ್ಟಿದ್ದೇ ಇವರನ್ನು ನೋಡಿ ಎಂದು ಕ್ಯಾಂಟೀನಿನಲ್ಲಿ ನಗುವುದಿತ್ತು. ಯಾವ ಕಾಗದ ಕೇಳಿದರೂ ಅವರ ಮೊದಲ ಉತ್ತರ 'ಆಗಲ್ಲ'. ಎರಡನೆಯ ಉತ್ತರ 'ಆಗಲ್ಲ ಅಂದ್ನಲ್ಲ'.

ಇಂಥವರು ನಿವೃತ್ತರಾದ ಮೇಲೆ, ಯಾರಾದರೂ ದೊಡ್ಡ ಮನುಷ್ಯರ ಮಾತು ತೆಗೆದರೆ, ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಒಂದು ಮಾತು ಹೇಳುತ್ತಿದ್ದರು: "ನಾನು ಕಂಡ ದೊಡ್ಡ ಮನುಷ್ಯರು ಒಬ್ರೇ. ನಮ್ಮಾಫೀಸಿನ ಅಟೆಂಡರ್ ಕನೀಜಮ್ಮ." ಯಾಕೆ ಎಂದು ಕೇಳಿದರೆ ಮತ್ತೆ ಹಳೇ ರಾಗ, "ಆಗಲ್ಲ, ಹೇಳಕ್ಕಾಗಲ್ಲ." ಅವರು ಹೇಳದಿದ್ದುದನ್ನು ಈಗ ಹೇಳಬಹುದು, ಅದರಲ್ಲಿದ್ದವರು ಯಾರೂ ಈಗಿಲ್ಲ.

ಕನೀಜ್ ಕೆಲಸಕ್ಕೆ ಸೇರಿದ್ದು ಎಪ್ಪತ್ತೊಂದರಲ್ಲಿ. ಬಾಯ್ಲರ್ ಮನೆಯಲ್ಲಿ ದುಡಿಯುತ್ತಿದ್ದ ತಂದೆ ಸರ್ವೀಸಿನಲ್ಲೇ ತೀರಿಕೊಂಡಾಗ ಅವಳಿಗೆ ರೆಕಾರ್ಡ್ ರೂಮಿನ ಅಟೆಂಡರ್ ಕೆಲಸ ಕೊಟ್ಟರು. ತವರು ಯಲಹಂಕದ ಹಳೇ ಪೇಟೆ. ಕೊಟ್ಟಿದ್ದು ಯಶವಂತಪುರದ ಒಂದು ಜಟಕಾ ಮನೆಗೆ. ಮಾವ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದ. ಗಂಡ ಮುಕ್ತಾರ್ ಇದೇ ಕಾರ್ಖಾನೆಯಲ್ಲಿ ಫಿಟ್ಟರ್. ಮಾವನ ಕೈ ನಡುಗಲು ಶುರುವಾದ ಮೇಲೆ ಕುದುರೆಗೆ ಹುಲ್ಲು ನೀರು ಇಟ್ಟು, ಗಾಡಿಗೆ ಹೂಡಿ ಕೊಟ್ಟು, ಆಮೇಲೆ ಅವಳು ಬಸ್ಸು ಹಿಡಿಯುತ್ತಿದ್ದಳು. ಕೆಲವು ದಿನ ಸೆರಗಿಗೆ ಹುಲ್ಲಿನ ಎಸಳು ಅಂಟಿಕೊಂಡೇ ಆಫೀಸಿಗೆ ಬರುತ್ತಿತ್ತು.

ಆ ರೂಮಿನಲ್ಲಿದ್ದುದು ಕಾರ್ಮಿಕರ ನಾಮಿನೇಷನ್ ಪತ್ರಗಳು. ತಾನು ಸತ್ತ ಮೇಲೆ ಪಿಂಚಣಿ, ಫಂಡು ಯಾರಿಗೆ ಸೇರಬೇಕು ಎಂದು ಪ್ರತಿಯೊಬ್ಬನೂ ಬರೆದುಕೊಟ್ಟು ಹೋಗುವ ಕಾಗದ. ಕನೀಜ್ ಬರುವ ಮೊದಲು ಅವು ಹರಿದ ಲಕೋಟೆಗಳಲ್ಲಿ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತಿದ್ದವು. ಅವಳು ಬಂದವಳೇ ಒಂದು ಪದ್ಧತಿ ಹಾಕಿದಳು. ಲಕೋಟೆಗೆ ದಾರ ಸುತ್ತಿ, "ಗಂಟು ನೀವೇ ಹಾಕಿ ಅಣ್ಣಾ" ಎಂದು ಬಂದವರ ಕೈಗೇ ಕೊಡುವಳು. ಚಿಕ್ಕಬೈರಪ್ಪನವರು ಗದರಿದರು.

"ಏನಮ್ಮಾ ಇದು, ಆಫೀಸೋ ದನದ ಕೊಟ್ಟಿಗೇನೋ?"

"ನಮ್ಮಮ್ಮ ಇಂಗೇ ಮಾಡ್ತಿದ್ರು ಸಾರ್," ಎಂದಳು ಕನೀಜ್. "ಓಣಿಯ ಹೆಂಗಸರು ಊರಿಗೆ ಹೋಗ್ವಾಗ ಒಡವೆ ಬಟ್ಟೇಲಿ ಸುತ್ತಿ ನಮ್ಮನೇಲಿ ಇಟ್ಟು ಹೋಗೋರು. ಗಂಟು ಅವರವರೇ ಹಾಕ್ಬೇಕು. ವಾಪಸ್ ಬಂದಾಗ ತಮ್ಮ ಗಂಟು ತಾವು ಗುರುತು ಹಿಡೀತಾರೆ. ಅಮಾನತ್ತು ಸಾರ್ ಅದು, ನಂಬಿ ಇಟ್ಟು ಹೋಗಿದ್ದು. ಇಟ್ಕೊಂಡೋರು ಒಳಗೇನಿದೆ ಅಂತ ನೋಡಬಾರ್ದು."

ದಾರಕ್ಕೆ ಖರ್ಚಿಲ್ಲವಲ್ಲ ಎಂದು ಅವರು ಸುಮ್ಮನಾದರು. ಹೊಲದಿಂದ ಬಂದವರು ಹಗ್ಗ ಬಿಗಿಯುವಂತೆ ಬಿಗಿದರು. ಹೂ ಕಟ್ಟುವ ಮನೆಯವರು ಹೂವಿನ ಗಂಟು ಹಾಕಿದರು. ಮುಕ್ತಾರ್ ಹಾಕಿದ್ದು ಜಟಕಾದವರ ಗಂಟು. ನೋಡಲು ಪುಟ್ಟದು, ಮೂರು ಸುತ್ತಿನ ನಡುವೆ ಒಂದು ಕುಣಿಕೆ ಅಡಗಿರುತ್ತದೆ. ಕುದುರೆ ಜಗ್ಗಿದಷ್ಟೂ ಬಿಗಿಯಾಗುತ್ತದೆ. ಬಲ್ಲವರು ಒಂದು ಎಳೆ ಹಿಡಿದೆಳೆದರೆ ಬಿಚ್ಚಿಕೊಳ್ಳುತ್ತದೆ.

ಎಪ್ಪತ್ತೇಳರ ಹೊತ್ತಿಗೆ ಮುಕ್ತಾರ್ ಭಾನುವಾರಗಳಲ್ಲಿ ಮನೆಯಲ್ಲಿರುವುದು ನಿಂತಿತು. ದೊಡ್ಡಬಳ್ಳಾಪುರದಲ್ಲಿ ಇನ್ನೊಂದು ನಿಕಾ ಮಾಡಿಕೊಂಡಿದ್ದಾನಂತೆ, ಕನೀಜ್ ರಜೆಯಲ್ಲಿದ್ದ ದಿನ ನೋಡಿ ಫಂಡಿನ ಕಾಗದದಲ್ಲಿ ಅವಳ ಹೆಸರು ಹೊಡೆಸಿ ಆ ಹೆಂಗಸಿನ ಹೆಸರು ಬರೆಸಿದ್ದಾನಂತೆ ಎಂದು ಕಾರ್ಖಾನೆಯ ಶಾಪಿನಲ್ಲಿ ಗುಸುಗುಸು ಎದ್ದಿತು. ಕನೀಜ್ ಕೇಳಿದರೆ ಮುಕ್ತಾರ್ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಊಟದ ತಟ್ಟೆ ಬಿಟ್ಟು ಎದ್ದುಹೋದ. ಆಫೀಸು ಗುಡಿಸುವ ಗೌರಮ್ಮನಿಗೆ ತಡೆಯಲಾಗಲಿಲ್ಲ.

"ಬೀಗದ ಕೈ ನಿನ್ನ ಸೊಂಟದಾಗೇ ಐತಲ್ಲೇ! ಬಿಚ್ಚಿ ನೋಡು, ಅತ್ಲಾಗಿ ನಿಜ ಗೊತ್ತಾಗ್ಲಿ."

ಕನೀಜ್ ಮರುದಿನ ಮಾಡಿದ್ದೇನೆಂದರೆ, ಬಿಳಿ ಹಾಳೆಯ ಮೇಲೆ ಒಂದು ಅರ್ಜಿ ಬರೆದು, ಬೆಳಗಿನ ಟಪಾಲಿನ ಜೊತೆ ತಾನೇ ತಂದು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟಳು. 'ನನ್ನ ಗಂಡನಾದ ಮುಕ್ತಾರ್ ಇವರ ನಾಮಿನೇಷನ್ ಪತ್ರವನ್ನು ನೋಡಲು ಅಪ್ಪಣೆ ಕೊಡಬೇಕು.'

ಚಿಕ್ಕಬೈರಪ್ಪನವರು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. ದಿನಾ ಸಂಜೆ ಆ ಲಕೋಟೆಯ ಮೇಲೆ ಬೀಗ ಹಾಕುವವಳು ಅದನ್ನು ನೋಡಲು ಅಪ್ಪಣೆ ಕೇಳುತ್ತಿದ್ದಾಳೆ! ತಮ್ಮ ಸರ್ವೀಸಿನಲ್ಲಿ ಇಂಥ ಅರ್ಜಿ ಅವರು ಕಂಡಿರಲಿಲ್ಲ. ಆದರೆ ಕೈ ಹಳೆಯ ಕೈ, ಉತ್ತರ ಬರೆಯಿತು. 'ಸದಸ್ಯರು ಬದುಕಿರುವವರೆಗೆ ನಾಮಿನೇಷನ್ ಪತ್ರವನ್ನು ಅನ್ಯರಿಗೆ ತೋರಿಸಲು ಅವಕಾಶವಿಲ್ಲ. ಅರ್ಜಿ ತಿರಸ್ಕರಿಸಲಾಗಿದೆ.'

ಕನೀಜ್ ನಿಂತಲ್ಲೇ ಓದಿಕೊಂಡಳು. "ಅನ್ಯರು ಅಂದ್ರೆ ನಾನಾ ಸಾರ್?"

"ರೂಲ್ಸು ಅಂಗಿದೆ ಕಣಮ್ಮ."

"ದುಡ್ಡಿಗಲ್ಲ ಸಾರ್ ಕೇಳಿದ್ದು. ನಾನು ದುಡೀತೀನಿ, ಎರಡು ಹೆಣ್ಣುಮಕ್ಕಳನ್ನ ಸಾಕ್ತೀನಿ. ನಮ್ಮನೆಯವರಿಗೆ ನಾನಿನ್ನೂ ಯಾರಾದ್ರೂ ಹೌದಾ, ಅಲ್ವಾ, ಅಷ್ಟು ಗೊತ್ತಾದ್ರೆ ಸಾಕಿತ್ತು."

ಚಿಕ್ಕಬೈರಪ್ಪನವರು ಅತ್ತ ಇತ್ತ ನೋಡಿ ದನಿ ತಗ್ಗಿಸಿದರು. "ನೋಡಮ್ಮ, ಸಂಜೆ ನಾನು ಬೇಗ ಹೊರಡ್ತೀನಿ. ಬೀಗ ನೀನು ನಿಧಾನಕ್ಕೆ ಹಾಕ್ಕೊ. ನಾನೇನೂ ಕೇಳಲ್ಲ."

ಅರ್ಥವಾಗದಷ್ಟು ದಡ್ಡಿಯಲ್ಲ ಅವಳು. ಸೊಂಟದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. "ಅಂಗಾದ್ರೆ ಇವತ್ತೊಂದು ದಿನ ಇದು ನಿಮ್ಮತ್ರಾನೇ ಇರ್ಲಿ ಸಾರ್. ಇವತ್ತು ನನಗೆ ನನ್ನ ಮೇಲೆ ನಂಬಿಕೆ ಇಲ್ಲ."

ಸಂಜೆ ಅವಳು ಹೊರಟುಹೋದಳು. ಖಾಲಿ ಆಫೀಸಿನಲ್ಲಿ ಚಿಕ್ಕಬೈರಪ್ಪನವರು, ಮೇಜಿನ ಮೇಲೆ ಬೀಗದ ಕೈ. ಮನುಷ್ಯನ ಮನಸ್ಸು ಎಂಥ ಕೋತಿ ನೋಡಿ: ಬೆಳಗ್ಗೆ ರೂಲ್ಸು ಬರೆದ ಕೈಯೇ ಸಂಜೆ ಬೀಗ ತೆಗೆಯಿತು. ಆ ಹೆಣ್ಣುಮಗಳ ಮೇಲಿನ ಮರುಕಕ್ಕೆ ತೆಗೆದೆ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಬೇಲಿ ಎದ್ದು ಹೊಲ ಮೇಯುವಾಗ ಅದೂ ಹೀಗೇ ಏನೋ ಹೇಳಿಕೊಳ್ಳುತ್ತದೆ.

ಉಗುರಿನಿಂದ ಕೆದಕಿ ಕೆದಕಿ ಗಂಟು ಬಿಚ್ಚಿದರು. ಒಳಗಿನ ಕಾಗದದಲ್ಲಿದ್ದ ಹೆಸರು ಜೈನಾಬ್. ಸಂಬಂಧ, ಪತ್ನಿ. ಊರು, ದೊಡ್ಡಬಳ್ಳಾಪುರ.

ನೋಡಬಾರದಿತ್ತು ಅನ್ನಿಸಿದ್ದು ನೋಡಿದ ಮೇಲೆಯೇ. ಗಾಬರಿಯಲ್ಲಿ ಲಕೋಟೆ ಮುಚ್ಚಿ ಗಂಟು ಹಾಕಲು ಹೋದರೆ ಆ ಮೂರು ಸುತ್ತು, ಕುಣಿಕೆ, ಬರಲೊಲ್ಲದು. ಒಕ್ಕಲು ಮನೆಯವರಿಗೆ ಬರುವುದು ಹೋರಿ ಕಟ್ಟುವ ಗಂಟೊಂದೇ. ಬಿಚ್ಚಿದರು, ಹಾಕಿದರು, ಬೆವರಿದರು. ಗೇಟಿನ ವಾಚ್‌ಮನ್ ಕೂಗಿದಾಗ ಬಂದ ಹಾಗೆ ಬಿಗಿದು, ಲಕೋಟೆ ಒಳಗೆ ತಳ್ಳಿ ಮನೆಗೆ ಓಡಿದರು.

ಬೆಳಗ್ಗೆ ಕನೀಜ್ ಬೀಗದ ಕೈ ವಾಪಸ್ ಪಡೆದು, ರೂಮು ತೆಗೆದು ಧೂಳು ಹೊಡೆಯುತ್ತಾ ಆ ಲಕೋಟೆಯ ಹತ್ತಿರ ಬಂದು ನಿಂತಳು. ಅವಳು ಕೇಳುವ ಮೊದಲೇ ಚಿಕ್ಕಬೈರಪ್ಪನವರು ಕಡತದಿಂದ ತಲೆಯೆತ್ತದೆ, "ಇಲಿ ಕಾಟ ಜಾಸ್ತಿಯಾಗಿದೆ ಕಣಮ್ಮ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ. ಕನೀಜ್ ಊಟದ ಬಿಡುವಿನಲ್ಲಿ ಶಾಪಿಗೆ ಹೋಗಿ ಮುಕ್ತಾರನನ್ನು ಕರೆತಂದಳು.

"ನಿಮ್ಮ ಗಂಟು ಬಿಚ್ಚಿಹೋಗಿದೆ. ಇನ್ನೊಂದ್ಸಲ ಹಾಕಿಕೊಡಿ," ಎಂದು ಲಕೋಟೆಯನ್ನು ಅವನ ಕೈಗಿಟ್ಟಳು.

ಮುಕ್ತಾರನ ಮುಖ ಕೆಂಪಾಯಿತು. "ಯಾರು ಬಿಚ್ಚಿದ್ದು?"

"ಇಲಿ," ಎಂದರು ಚಿಕ್ಕಬೈರಪ್ಪನವರು, ಕಡತದ ಹಾಳೆ ತಿರುವುತ್ತಾ.

"ಇಲಿ ಬಿಚ್ಚಿಬಿಟ್ಟು ವಾಪಸ್ ಗಂಟೂ ಹಾಕ್ತದಾ ಸಾರ್?"

ಅವನು ಹೆಂಡತಿಯತ್ತ ತಿರುಗಿದ. ಇನ್ನು ಬೈಯುತ್ತಾನೆ, ನಾನು ಒಪ್ಪಿಕೊಳ್ಳಲೇಬೇಕು ಎಂದು ಚಿಕ್ಕಬೈರಪ್ಪನವರು ಎದ್ದರು. ಕನೀಜ್ ಶಾಂತವಾಗಿ ಹೇಳಿದಳು, "ನಾನು ನೋಡ್ಬೇಕು ಅಂತ ಅರ್ಜಿ ಕೊಟ್ಟಿದ್ದೆ. ಸಾಹೇಬ್ರು ಆಗಲ್ಲ ಅಂದ್ರು. ನಾನು ಮುಟ್ಟಿಲ್ಲ."

ಮುಕ್ತಾರ್ ಆ ಗಂಟನ್ನು ಬೆರಳಲ್ಲಿ ಹಿಡಿದು ಹೊರಳಿಸಿ ನೋಡಿದ. ಹೆಂಡತಿಯ ಕೈಗಳನ್ನು ನೋಡಿದ. ಮತ್ತೆ ಗಂಟನ್ನು ನೋಡಿದ. ಅವನ ಕೋಪ ಎಲ್ಲಿ ಇಳಿದುಹೋಯಿತೋ, ಸ್ಟೂಲಿನ ಮೇಲೆ ಕುಸಿದು ಕೂತ. ಕೂತಲ್ಲಿಂದಲೇ, "ಒಂದು ಹೊಸ ಫಾರಂ ಕೊಡಿ ಸಾರ್" ಎಂದ. ಅವನು ಬರೆಯುವಾಗ ಕನೀಜ್ ಕಿಟಕಿಯತ್ತ ಮುಖ ಮಾಡಿ ನಿಂತಿದ್ದಳು. ಗಂಟು ಹಾಕಿ ಕೊಟ್ಟ ಮೇಲೆಯೇ ತಿರುಗಿ, ಲಕೋಟೆ ತೆಗೆದುಕೊಂಡು ಒಳಗಿಟ್ಟಳು. ಏನು ಬರೆದ ಎಂದು ಅವಳು ಕೇಳಲೂ ಇಲ್ಲ, ಅವನು ಹೇಳಲೂ ಇಲ್ಲ.

ಚಿಕ್ಕಬೈರಪ್ಪನವರಿಗೆ ಆ ರಾತ್ರಿ ಊಟ ಸೇರಲಿಲ್ಲ. ಅಂದಿನಿಂದ ಅವಳನ್ನು ಏಕವಚನದಲ್ಲಿ ಕರೆಯಲು ಅವರ ನಾಲಿಗೆ ಏಳಲಿಲ್ಲ. ಕಾರ್ಮಿಕರು ಬೆರಗಾಗುವಂತೆ 'ಕನೀಜಮ್ನೋರೆ' ಎನ್ನತೊಡಗಿದರು. ಮುಕ್ತಾರ್ ಭಾನುವಾರಗಳಲ್ಲಿ ಯಶವಂತಪುರದ ಮನೆಯಲ್ಲೂ ಕಾಣಿಸಿಕೊಳ್ಳತೊಡಗಿದ.

ಎಂಬತ್ತೈದರಲ್ಲಿ ಮುಕ್ತಾರ್ ಎದೆನೋವಿನಿಂದ ತೀರಿಕೊಂಡ. ಗಂಡ ಸತ್ತ ಹೆಂಗಸು ಮನೆಯೊಳಗೇ ಕಳೆಯುವ ಇದ್ದತ್ತಿನ ತಿಂಗಳುಗಳನ್ನು ಮುಗಿಸಿ ಕನೀಜ್ ಕೆಲಸಕ್ಕೆ ಬಂದ ದಿನ ಚಿಕ್ಕಬೈರಪ್ಪನವರು ಆ ಲಕೋಟೆಯನ್ನು ಅವಳ ಎದುರಿಗೇ ಬಿಚ್ಚಿದರು. ಬಿಚ್ಚಲು ಬಾರದೆ ಕೊನೆಗೆ ಕತ್ತರಿಯಿಂದ ದಾರ ಕತ್ತರಿಸಿದರು. ಮೇಲಿನ ಕಾಗದದಲ್ಲಿದ್ದುದು ಅವಳ ಹೆಸರು. ಓದಿ ಹೇಳಿ, ಕಾಗದವನ್ನು ಅವಳತ್ತ ತಿರುಗಿಸಿದರು. ಅವಳು ತಾರೀಖು ನೋಡಿದಳು. ಅದು ಗಂಟು ಮತ್ತೆ ಹಾಕಿಸಿದ ದಿನದ್ದು.

"ಇದರ ಕೆಳಗೆ ರದ್ದಾದ ಹಳೇ ಕಾಗದ ಒಂದಿದೆ," ಎಂದರು ಅವರು. "ಆವತ್ತು ಆಗಲ್ಲ ಅಂದಿದ್ದೆ. ಇವತ್ತು ನಿಮಗೆ ಹಕ್ಕಿದೆ. ನೋಡಿ."

"ಬೇಡ ಸಾರ್."

"ಯಾಕೆ?"

"ಅದರಲ್ಲಿ ಯಾರ ಹೆಸರಿದೆಯೋ ಅವರೂ ಇವತ್ತು ಅಳ್ತಾ ಕೂತಿರ್ತಾರೆ. ಅದು ಅವರ ಅಮಾನತ್ತು. ನೀವು ಆವತ್ತು ಬೆಳಗ್ಗೆ ನನ್ನ ಮುಖ ನೋಡ್ಲಿಲ್ಲ, ಅಷ್ಟರಲ್ಲೇ ನನಗೆ ಗೊತ್ತಾಗಿತ್ತು ಸಾರ್. ಕಣ್ಣಲ್ಲಿ ಬೇರೆ ಯಾಕೆ ನೋಡ್ಬೇಕು?"

ಎಂಟು ವರ್ಷ ಬಚ್ಚಿಟ್ಟುಕೊಂಡಿದ್ದ ತಪ್ಪು ಅವಳಿಗೆ ಮೊದಲ ದಿನದಿಂದಲೇ ಗೊತ್ತು! ಅವರು ಬಾಯಿ ತೆರೆಯುವಷ್ಟರಲ್ಲಿ ಕನೀಜ್ ಎರಡೂ ಕಾಗದಗಳನ್ನು ಲಕೋಟೆಗೆ ಸೇರಿಸಿ, ಹೊಸ ದಾರ ಸುತ್ತಿದಳು. ಬೆರಳುಗಳು ಅವಳು ನೋಡದೆಯೇ ಓಡಿದವು. ಮೂರು ಸುತ್ತು, ನಡುವೆ ಅಡಗಿದ ಒಂದು ಕುಣಿಕೆ.

ಚಿಕ್ಕಬೈರಪ್ಪನವರು ಮೇಜಿನ ಮೇಲೆ ಬಗ್ಗಿ ನೋಡಿದರು. ಮುಕ್ತಾರನ ಗಂಟು! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಇದು... ನಿಮಗೆ ಬರ್ತಿತ್ತಾ?"

"ಮಾವ ಕಲಿಸಿದ್ದು ಸಾರ್, ಮದುವೆಯಾದ ಹೊಸದರಲ್ಲೇ. ದಿನಾ ಕುದುರೆ ಕಟ್ತಿದ್ದೋಳು ನಾನೇ ಅಲ್ವಾ?"

ಯಾವ ದಿನ ಬೇಕಾದರೂ ಬಿಚ್ಚಿ, ನೋಡಿ, ಹಾಗೇ ಕಟ್ಟಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅದು ಮುಕ್ತಾರನಿಗೆ ಗೊತ್ತಿತ್ತು. ಆ ಒರಟು ಗಂಟು ನೋಡಿದ ತಕ್ಷಣ ಅದು ತನ್ನ ಹೆಂಡತಿಯ ಕೈಯದಲ್ಲ ಎಂದು ತಿಳಿದೇ ಅವನು ಸ್ಟೂಲಿನ ಮೇಲೆ ಕುಸಿದಿದ್ದ. ಚಿಕ್ಕಬೈರಪ್ಪನವರಿಗೆ ಅದು ತಿಳಿದದ್ದು ಈಗ.

ಅವರು ಕುರ್ಚಿಯಿಂದ ಎದ್ದು ನಿಂತರು. ಕನೀಜ್ ಲಕೋಟೆಯನ್ನು ಅದರ ಜಾಗದಲ್ಲಿಟ್ಟು, ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬರುವವರೆಗೂ ನಿಂತೇ ಇದ್ದರು.

"ಕೂತ್ಕೊಳಿ ಸಾರ್," ಎಂದಳು ಅವಳು. "ಟೀ ತರ್ತೀನಿ."