ಗೇಜು ಹಿಡಿದವರ ಹಾರ್ಮೋನಿಯಂ

ಅಪ್ಪಾಜಿಯವರಿಗೆ ಯಾರ ಕೆಲಸವೂ ಸರಿ ಕಾಣುತ್ತಿರಲಿಲ್ಲ. ಅದಕ್ಕೆಂದೇ ಅವರಿಗೆ ಮೂವತ್ತನಾಲ್ಕು ವರ್ಷ ಸಂಬಳ ಕೊಟ್ಟಿದ್ದರು. ಚೆನ್ನೈಯ ಅಂಬತ್ತೂರಿನ ಒಂದು ಗಿಯರ್ ಕಾರ್ಖಾನೆಯಲ್ಲಿ ಅವರು ತಪಾಸಣೆಯ ಮನುಷ್ಯ. ಲೇತಿನಿಂದ ಇಳಿದ ತುಂಡನ್ನು ಅಳತೆಯ ಗೇಜಿನೊಳಗೆ ತೂರಿಸಿ ನೋಡುವುದು, ಸರಿ ಕೂತರೆ ಹಸಿರು ಚೀಟಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಚೀಟಿ. ಕೆಂಪು ಚೀಟಿ ಹೆಚ್ಚು ಅಂಟಿಸಿದ ದಿನ ಅವರಿಗೆ ರಾಗಿಮುದ್ದೆ ಇನ್ನೂ ಅರ್ಧ ಬೇಕಾಗುತ್ತಿತ್ತು ಎಂದು ಹೆಂಡತಿ ಸಾಕಮ್ಮ ನೆಂಟರಲ್ಲಿ ಹೇಳಿಕೊಂಡು ನಗುತ್ತಿದ್ದರು. ನಿವೃತ್ತಿಯ ದಿನ ಕಾರ್ಖಾನೆಯವರು ಶಾಲು ಹೊದಿಸಿದಾಗ ಅಪ್ಪಾಜಿ ಮೊದಲು ನೋಡಿದ್ದು ಅದರ ಅಂಚನ್ನು. ಹೊಲಿಗೆ ಸೊಟ್ಟಗಿತ್ತು. ಹೇಳಿಯೂಬಿಟ್ಟರು.

ಮನೆಯಲ್ಲಿ ಕೂತ ಮೇಲೆ ಇಷ್ಟೊಂದು ತಿರಸ್ಕಾರವನ್ನು ಎಲ್ಲಿ ಖರ್ಚು ಮಾಡುವುದು? ಸಾಕಮ್ಮನ ಸಾರು, ಪಕ್ಕದ ಮನೆಯವರ ರಂಗೋಲಿ, ಬಸ್ಸಿನ ಕಂಡಕ್ಟರು ಚೀಟಿ ಹರಿಯುವ ಬಗೆ ಎಲ್ಲ ಒಂದು ತಿಂಗಳಿಗೆ ಮುಗಿದವು. ಉಳಿದದ್ದು ಶನಿವಾರದ ಭಜನೆ.

ಅಂಬತ್ತೂರಿನ ಕನ್ನಡದ ಮನೆಗಳವರು ಪ್ರತಿ ಶನಿವಾರ ಸಂಜೆ ಆಂಜನೇಯನ ಗುಡಿಯ ಪಕ್ಕದ ಹಾಲಿನಲ್ಲಿ ಸೇರುತ್ತಿದ್ದರು. ಹಾಡಿಸುವವರು ಶಾರದಮ್ಮ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಚೆನ್ನೈಯಲ್ಲೇ ಹುಟ್ಟಿ ಬೆಳೆದವರು, ಎಪ್ಪತ್ತಾದರೂ ಗಂಟೆಯಂಥ ಗಂಟಲು. ಹಾರ್ಮೋನಿಯಂ ನುಡಿಸುವವರು ರೈಲ್ವೆಯ ಶಂಕರನಾರಾಯಣ. ಅಪ್ಪಾಜಿ ಇಪ್ಪತ್ತು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದರು, ಆದರೆ ಹಿಂದಿನ ಗೋಡೆಗೆ ಒರಗಿ ಕೂತು ತಪಾಸಣೆ ಮಾಡುತ್ತಿದ್ದರೇ ಹೊರತು ಒಮ್ಮೆಯೂ ಬಾಯಿ ತೆರೆದು ಹಾಡಿದವರಲ್ಲ. ತಾಳ ಹಾಕುವವನ ಕೈ ಸೋಮಾರಿ, ಹೆಂಗಸರು ಚರಣ ಮರೆಯುತ್ತಾರೆ, ಶಂಕರನಾರಾಯಣನ ಬೆರಳು ಎಡವುತ್ತದೆ.

ಶಂಕರನಾರಾಯಣ ಮಗಳ ಮನೆಗೆಂದು ಮೈಸೂರಿಗೆ ಹೊರಟುನಿಂತ ಶನಿವಾರ ಎಲ್ಲರೂ ಪೇಚಾಡಿದರು. ಪ್ರಸಾದದ ಸಾಲಿನಲ್ಲಿ ದೊನ್ನೆ ಹಿಡಿದು ನಿಂತಿದ್ದ ಅಪ್ಪಾಜಿ ಹಾಲಿಗೆಲ್ಲ ಕೇಳುವಂತೆ ಅಂದರು:

"ಅದೇನ್ ಮಹಾ ವಿದ್ಯೆ ಬುಡಿ. ಒತ್ತಿದ್ರೆ ಸದ್ದು ಬತ್ತದೆ, ಬುಟ್ರೆ ನಿಲ್ತದೆ. ರಾಮನವಮಿಗೆ ಇನ್ನ ಆರ್ ತಿಂಗ್ಳದೆ. ಅವತ್ತು ಮೂರು ಹಾಡು ನಾನ್ ನುಡುಸ್ತೀನಿ, ಇವರಿಗಿಂತ ನೆಟ್ಟಗೆ."

ಶಂಕರನಾರಾಯಣ ನಕ್ಕರು. ಶಾರದಮ್ಮ ನಗಲಿಲ್ಲ. "ಪರವಾಯಿಲ್ಲೆ ಸಾರ್, ಪೆಟ್ಟಿಗೆ ಮನೆಗೆ ತಗೊಂಡ್ ಹೋಗಿ. ನಮಗೂ ಆಳು ಬೇಕು" ಎಂದರು.

ಹೀಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಅಪ್ಪಾಜಿ, ಹೊರಲು ಇಬ್ಬರು ಬೇಕಾದ ಒಂದು ಹಳೆಯ ಹಾರ್ಮೋನಿಯಂ ಅನ್ನು ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದರು. ಅವರ ಮಾತು ಆಗಲೇ ಎಲ್ಲರ ಬಾಯಲ್ಲಿತ್ತು.

ಮೇಲಿನ ಫ್ಲಾಟಿನ ರಚನಾ ಮೈಸೂರಿನ ಹುಡುಗಿ, ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನ ಐಟಿ ಆಫೀಸಿನಲ್ಲಿ ಕೆಲಸ, ಚಿಕ್ಕಂದಿನಿಂದ ಸಂಗೀತ ಕಲಿತವಳು. ಮೆಟ್ಟಿಲಲ್ಲಿ ಸಿಕ್ಕಾಗ ತಾನಾಗಿಯೇ ಕೇಳಿದಳು.

"ಅಂಕಲ್, ಭಾನುವಾರ ಒಂದ್ ಗಂಟೆ ಕೂತ್ಕೊಳ್ಳೋಣ್ವಾ? ಸರಳೆ ವರಸೆಯಿಂದ ಶುರು ಮಾಡಿದ್ರೆ ಕೈ ತಿರುಗತ್ತೆ."

"ನಂಗೆ ಮೂರು ಹಾಡು ಸಾಕು ಕಣಮ್ಮ. ಕೈ ತಿರುಗಿಸ್ಕೊಂಡು ಏನ್ ಮಾಡ್ಲಿ?"

"ಯಾವ ಶ್ರುತಿಗೆ ಅಭ್ಯಾಸ ಮಾಡ್ತೀರಾ?"

"ಹಾರ್ಮೋನಿಯಂ ಶ್ರುತಿಗೆ" ಎಂದು ಅಪ್ಪಾಜಿ ಬಾಗಿಲು ಹಾಕಿಕೊಂಡರು. ಇದೂ ಒಂದು ಪ್ರಶ್ನೆಯೇ ಎಂದು ಒಳಗೆ ಹೋಗಿ ಸಾಕಮ್ಮನಿಗೂ ಹೇಳಿದರು.

ಅವರ ವಿಧಾನವೇ ಬೇರೆ. ಮೊಬೈಲಿನಲ್ಲಿ ಯಾರೋ ಒಬ್ಬ ಗಂಡಸು ರಾಮನವಮಿಗೆ ಹಾಡುವ ಮೂರು ಹಾಡುಗಳನ್ನು ನಿಧಾನವಾಗಿ ನುಡಿಸಿ ತೋರಿಸುವ ವೀಡಿಯೊ ಸಿಕ್ಕಿತು. ಅವನ ಬೆರಳು ಬಿದ್ದ ಕೀಗಳನ್ನೆಲ್ಲ ಗುರುತಿಸಿ, ಕಾರ್ಖಾನೆಯಿಂದ ತಂದು ಉಳಿಸಿಕೊಂಡಿದ್ದ ಹಸಿರು ಚೀಟಿಯನ್ನು ಅವುಗಳ ಮೇಲೆ ಅಂಟಿಸಿ, ಒಂದು, ಎರಡು, ಮೂರು ಎಂದು ಬರೆದರು. ಎಲ್ಲ ಬಿಳಿ ಕೀಗಳೇ. ಕಪ್ಪು ಕೀಗಳಿಗೆ ಒಂದೂ ಚೀಟಿ ಬೀಳಲಿಲ್ಲ. ಅವು ಅಂದಕ್ಕೆ ಇಟ್ಟವಿರಬೇಕು ಎಂದುಕೊಂಡರು. ಆಮೇಲೆ ಗ್ರಾಫ್ ಹಾಳೆಯ ಮೇಲೆ ಚಾರ್ಟು: ಯಾವ ನಂಬರು, ಎಷ್ಟು ಸೆಕೆಂಡು. ಗೋಡೆಗೆ ಚಾರ್ಟು, ಮೊಣಕಾಲ ಮುಂದೆ ಗಡಿಯಾರ. ಸಂಗೀತಗಾರರೆಲ್ಲ ಹತ್ತು ವರ್ಷ ಯಾಕೆ ಒದ್ದಾಡುತ್ತಾರೋ ಅವರಿಗೆ ಅರ್ಥವಾಗಲಿಲ್ಲ. ಅಳತೆ ಗೊತ್ತಿಲ್ಲದ ಜನ.

ಎರಡನೆಯ ತಿಂಗಳ ಒಂದು ಬೆಳಿಗ್ಗೆ ನಂಬರುಗಳ ನಡುವಿನಿಂದ ಹಾಡು ಮೇಲೆದ್ದು ಬಂತು. ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು. ಸಾಕಮ್ಮ ಬಾಗಿಲಿಗೆ ಬಂದು, ಕೈಯಲ್ಲಿ ಹೋಳು ಹಿಡಿದು ನಿಂತಿದ್ದರು. ಅಪ್ಪಾಜಿಯವರ ಎದೆಯಲ್ಲಿ ಏನೋ ಒಂದು ಚಿಕ್ಕದಾಗಿ ಅಲುಗಿತು. ಅದಕ್ಕೆ ಚಾರ್ಟಿನಲ್ಲಿ ಜಾಗವಿರಲಿಲ್ಲ. ಅವರು ಗಡಿಯಾರ ನೋಡಿ, ಎರಡು ಸೆಕೆಂಡು ತಡವಾಯಿತು ಎಂದು ಬರೆದುಕೊಂಡರು.

ತಾಲೀಮಿಗೆ ಬನ್ನಿ ಎಂದು ಶಾರದಮ್ಮ ಎರಡು ಸಲ ಹೇಳಿ ಕಳಿಸಿದರು. ನಂಬಿಕೆಯಿಲ್ಲದವರಿಗೆ ತಾಲೀಮು ಎಂದು ಅಪ್ಪಾಜಿ ಹೋಗಲಿಲ್ಲ.

ರಾಮನವಮಿಯ ಸಂಜೆ ಹಾಲಿನಲ್ಲಿ ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಪಾನಕದ ಕೊಳದಪ್ಪಲೆ, ಕೋಸಂಬರಿಯ ಬೋಗುಣಿ, ಹೊರಗೆ ಚಪ್ಪಲಿಗಳ ರಾಶಿ. ಎಂದೂ ಬಾರದವರೂ ಬಂದಿದ್ದರು. ಅವರು ಬಂದದ್ದು ರಾಮನಿಗಾಗಿ ಅಲ್ಲ ಎಂದು ಅಪ್ಪಾಜಿಗೆ ಗೊತ್ತಿತ್ತು. ಒಗೆದ ಪಂಚೆ ಉಟ್ಟು, ಚಾರ್ಟನ್ನು ಪಕ್ಕಕ್ಕೆ ಹರಡಿ ಕೂತರು. ಶಾರದಮ್ಮ ಶ್ರುತಿಪೆಟ್ಟಿಗೆ ಹಚ್ಚಿ, ಕಣ್ಣು ಮುಚ್ಚಿ ಮೊದಲ ಹಾಡು ಎತ್ತಿಕೊಂಡರು. ಅಪ್ಪಾಜಿ ಒಂದನೇ ನಂಬರು ಒತ್ತಿದರು.

ಹಾಡು ಒಂದು ಬೀದಿಯಲ್ಲಿ, ಹಾರ್ಮೋನಿಯಂ ಇನ್ನೊಂದು ಬೀದಿಯಲ್ಲಿ. ಮುಂದಿನ ಸಾಲಿನ ಮಗುವೊಂದು ಕಿವಿ ಮುಚ್ಚಿಕೊಂಡಿತು. ಶಾರದಮ್ಮ ನಿಲ್ಲಿಸಿದರು.

"ಯಾವ ಕಟ್ಟೈ ಸಾರ್ ನೀವು?"

ಶ್ರುತಿಯ ಎತ್ತರಕ್ಕೆ ಚೆನ್ನೈಯಲ್ಲಿ ಹಾಗೆನ್ನುತ್ತಾರೆ. ಇಪ್ಪತ್ತು ವರ್ಷ ಭಜನೆಗೆ ಬಂದ ಅಪ್ಪಾಜಿಗೆ ಆ ಮಾತೂ ಗೊತ್ತಿರಲಿಲ್ಲ, ಅಂಥದ್ದೊಂದು ಇದೆಯೆಂಬುದೂ ಗೊತ್ತಿರಲಿಲ್ಲ.

"ಕಟ್ಟೈ ಗಿಟ್ಟೈ ನಂಗೊತ್ತಿಲ್ಲ. ಚಾರ್ಟಲ್ಲಿರೋದ್ನೇ ಒತ್ತಿವ್ನಿ. ನೀವೇ ಎಲ್ಲೋ ತಪ್ಪಿದ್ದೀರಿ, ನೋಡ್ಕಳಿ ಶಾರದಮ್ನೋರೆ."

ತಾಳ ಹಿಡಿದಿದ್ದವನು ಕೈಯನ್ನು ಮೆಲ್ಲಗೆ ತೊಡೆಯ ಮೇಲಿಳಿಸಿದ. ಎದುರಿಗೆ ಕೂತಿದ್ದ ರಚನಾ ಮುಂದೆ ಬಾಗಿ ತಗ್ಗಿದ ದನಿಯಲ್ಲಿ ಹೇಳಿದಳು:

"ಅಂಕಲ್, ನೀವು ಒಂದು ಕಟ್ಟೈಯಲ್ಲಿದೀರಾ. ಆಂಟಿ ಹಾಡೋದು ಐದೂವರೆಯಲ್ಲಿ. ಅದೇ ಹಾಡು ಅಲ್ಲಿಂದ ಶುರುವಾದ್ರೆ ಕಪ್ಪು ಕೀಗಳು ಬೇಕು. ಹಾಡೋರ ಗಂಟಲು ಎಲ್ಲಿರತ್ತೋ ಪೆಟ್ಟಿಗೆ ಅಲ್ಲಿಗೆ ಹೋಗಬೇಕು."

ಅಪ್ಪಾಜಿ ಕಪ್ಪು ಕೀಗಳನ್ನು ನೋಡಿದರು. ಚೀಟಿಯಿಲ್ಲದ, ನಂಬರಿಲ್ಲದ ಕೀಗಳು. ಆರು ತಿಂಗಳಲ್ಲಿ ಒಮ್ಮೆಯೂ ಬೆರಳು ತಾಗಿಸದವು.

"ಬಿಡು ಮಾ" ಎಂದರು ಶಾರದಮ್ಮ. "ಆರು ತಿಂಗಳು ಕಷ್ಟಪಟ್ಟಿದಾರೆ, ಪಾಪ, ಪಾವಂ. ನಾನು ಇಳಿತೀನಿ. ನೀವು ನುಡಿಸಿ ಸಾರ್."

ಶ್ರುತಿಪೆಟ್ಟಿಗೆಯ ತಿರುಪು ತಿರುಗಿಸಿ ಅವರು ಒಂದಕ್ಕೆ ಇಳಿದರು. ಅಪ್ಪಾಜಿ ಚಾರ್ಟು ಹಿಡಿದು ಹೊರಟರು. ಈಗ ಎಲ್ಲ ಕೂಡಿತು, ಎಲ್ಲೂ ತಪ್ಪಲಿಲ್ಲ. ಆದರೆ ಚರಣದ ಕೊನೆಯಲ್ಲಿ ಹಾಡು ಕೆಳಗಿಳಿದಾಗ ಶಾರದಮ್ಮನ ದನಿ ನೆಲಕ್ಕೆ ತಾಗಿ ಗೊರಗೊರ ಎಂದಿತು, ಆಮೇಲೆ ಅದೂ ಇಲ್ಲ; ತುಟಿ ಮಾತ್ರ ಆಡುತ್ತಿತ್ತು. ಹಿಂದೆ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಸುಮ್ಮನಾದರು. ಹಾರ್ಮೋನಿಯಂ ಒಂಟಿಯಾಗಿ, ಖಚಿತವಾಗಿ, ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಮುಗಿಸಿತು.

"ಪರವಾಯಿಲ್ಲೆ, ಪರವಾಯಿಲ್ಲೆ" ಎಂದು ಯಾರೋ ಅಂದರು.

ಹೆಂಗಸರ ನಡುವಿನಿಂದ ಸಾಕಮ್ಮ ಅಂದರು: "ಏನ್ರೀ, ನಿಮ್ಮ ಪೆಟ್ಗೆ ಕೇಳುಸ್ತು. ಹಾಡು ಕೇಳುಸ್ನಿಲ್ಲ."

ಶಾರದಮ್ಮ ಒಂದು ಗುಟುಕು ಪಾನಕ ಕುಡಿದು, ಗಂಟಲನ್ನು ಎರಡು ಬೆರಳಲ್ಲಿ ಒತ್ತಿಕೊಂಡು, ಎರಡನೆಯ ಹಾಡಿಗೆ ಮತ್ತೆ ಅದೇ ಕೆಳಗಿನ ಶ್ರುತಿಯನ್ನು ಹುಡುಕುತ್ತಿದ್ದರು. ಇನ್ನು ಎರಡೇ ಹಾಡು. ಯಾರೂ ತಡೆಯುವವರಿಲ್ಲ, ಈ ಮರ್ಯಾದಸ್ಥರಿಗೆ ತಡೆಯಲು ಬಾಯಿಯೇ ಇಲ್ಲ ಎಂದು ಅಪ್ಪಾಜಿ ಎಲ್ಲರನ್ನೂ ಮನಸ್ಸಿನಲ್ಲಿ ಹಳಿದರು. ಅವನ್ನೂ ನುಡಿಸಿ ಎದ್ದರೆ ಕೊಟ್ಟ ಮಾತು ಉಳಿಯುತ್ತದೆ. ಮೂರು ಹಾಡು ಎಂದಿದ್ದರು, ಮೂರಾಗುತ್ತದೆ. ಮುದುಕಿಯ ಕುತ್ತಿಗೆಯ ನರ ಉಬ್ಬಿತ್ತು. ಅಪ್ಪಾಜಿ ಅದನ್ನೇ ನೋಡುತ್ತ ಕೂತರು. ಮೂವತ್ತನಾಲ್ಕು ವರ್ಷ ಅವರು ಪಾಪ ಎಂದು ಒಂದು ತುಂಡನ್ನೂ ಪಾಸು ಮಾಡಿದವರಲ್ಲ. ಈಗ ಒಂದು ಹಾಲಿನ ತುಂಬ ಜನ ಪಾಪ ಎಂದು ಅವರನ್ನು ಪಾಸು ಮಾಡುತ್ತಿದ್ದರು.

"ಬ್ಯಾಡಿ" ಎಂದರು. ಚಾರ್ಟು ಮಡಚಿದರು. ಮತ್ತೆ ಅಂದರು: "ನಿಮ್ಮದ್ರಲ್ಲೇ ಹಾಡಿ ಶಾರದಮ್ನೋರೆ. ನಂಗೆ ಅದು ಬರಾಕಿಲ್ಲ."

ಬರಾಕಿಲ್ಲ ಎಂಬ ಮಾತನ್ನು ಗಂಡನ ಬಾಯಲ್ಲಿ ಸಾಕಮ್ಮ ಮೊದಲ ಸಲ ಕೇಳಿದ್ದು. ಅವರು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡರು.

ಅಪ್ಪಾಜಿ ಏಳಲು ಕೈಯೂರಿದರು. ಅಷ್ಟರಲ್ಲಿ ರಚನಾ ಹಾರ್ಮೋನಿಯಂ ಅನ್ನು ಕೂತಲ್ಲಿಂದಲೇ ತನ್ನ ಕಡೆಗೆ ತಿರುಗಿಸಿಕೊಂಡಿದ್ದಳು. ಗಾಳಿಯ ತಿದಿ ಅಪ್ಪಾಜಿಯವರ ಮುಂದೆ ಬಂದು ನಿಂತಿತು.

"ಎಲ್ಲಿಗೆ ಅಂಕಲ್? ನೀವು ತಿದಿ ಒತ್ತಿ. ನಾನು ಎರಡೂ ಕೈಲಿ ನುಡಿಸ್ತೀನಿ."

ಇಷ್ಟು ಜನರೆದುರು ಒಂದು ಹುಡುಗಿಗೆ ಗಾಳಿ ಹಾಕುವುದು. ಅಪ್ಪಾಜಿ ಬಾಗಿಲ ಕಡೆ ನೋಡಿದರು. ಚಪ್ಪಲಿಗಳ ರಾಶಿಯಲ್ಲಿ ತಮ್ಮವು ಎಲ್ಲೋ ಅಡಿಯಲ್ಲಿ ಸೇರಿದ್ದವು. ಕೂತರು, ತಿದಿಯನ್ನು ಕಾರ್ಖಾನೆಯ ಹ್ಯಾಂಡಲ್ಲಿನಂತೆ ಹಿಡಿದು ತಳ್ಳಿದರು. ಹಾರ್ಮೋನಿಯಂ ಅರಚಿತು.

"ಮೆತ್ತಗೆ ಅಂಕಲ್. ಉಸಿರಾಡೋ ಹಾಗೆ."

ಮೆತ್ತಗೆ ತಳ್ಳಿದರು. ಶಾರದಮ್ಮನ ದನಿ ತನ್ನ ಜಾಗಕ್ಕೆ ಏರಿತು, ಹಿಂದಿನಿಂದ ಹೆಂಗಸರ ದನಿಗಳು ಒಂದೊಂದಾಗಿ ಬಂದು ಸೇರಿದವು, ಸಾಕಮ್ಮನದೂ. ರಚನಾಳ ಬೆರಳು ಕಪ್ಪು ಕೀಗಳ ಮೇಲೆ ಓಡಾಡಿತು. ಎರಡನೆಯ ಚರಣದಲ್ಲಿ ಅವಳು ಒಂದಿಷ್ಟು ಅವಸರ ಮಾಡಿದಳು. ಅಪ್ಪಾಜಿಗೆ ಅದು ತಕ್ಷಣ ಕೇಳಿಸಿತು, ಹೇಳಲು ಬಾಯಿ ತೆರೆದರು. ಬಾಯಿ ತೆರೆದೊಡನೆ ಕೈ ಸಡಿಲವಾಗಿ ಸ್ವರ ಸೊರಗತೊಡಗಿತು. ಬಾಯಿ ಮುಚ್ಚಿ ತಿದಿ ಒತ್ತಿದರು.