ಇಚಿಲಂಪಾಡಿಯ ಲಿಚ್ಚಿ ಮರ

ದರ್ಬೆಯ ಹತ್ತಿರದ ಒಂದು ನರ್ಸರಿಯಲ್ಲಿ ಗಿಡ ಮಾರುವುದು ನನ್ನ ಕೆಲಸ. ಮೊನ್ನೆ ಒಂದು ಮನೆಗೆ ರಂಬುಟಾನ್ ಸಸಿ ಇಳಿಸಲು ಇಚಿಲಂಪಾಡಿಗೆ ಹೋಗಿದ್ದಾಗ, ಪಕ್ಕದ ಮನೆಯ ಝೊಹರಾಕ್ಕ ನನ್ನ ಗುರುತು ಹಿಡಿದು ತಮ್ಮ ಅಂಗಳಕ್ಕೆ ಕರೆದರು. ಅಲ್ಲಿ ಮನೆಯ ಮಾಡಿಗಿಂತ ಎತ್ತರಕ್ಕೆ ಬೆಳೆದ ಲಿಚ್ಚಿ ಮರವೊಂದಿತ್ತು.

"ಇದು ನೀವೇ ಕೊಟ್ಟದ್ದು. ಮೂರು ವರ್ಷಕ್ಕೆ ಹಣ್ಣು ಅಂತ ಹೇಳಿದ್ರಿ. ಒಂಬತ್ತು ವರ್ಷ ಆಯ್ತು, ಒಂದು ಹೂ ಕೂಡ ಇಲ್ಲ. ಇದಕ್ಕೆ ಎಂತ ಕಮ್ಮಿ ಆಗಿದೆ ಮಾರಾಯ್ರೆ?"

ಹಟ್ಟಿ ಗೊಬ್ಬರ, ಬೂದಿ, ಮೀನು ತೊಳೆದ ನೀರು ಎಲ್ಲ ಹಾಕಿದ್ದರಂತೆ. ಬೇಸಿಗೆಯಲ್ಲಿ ಬಾವಿಯ ತಳ ಕಂಡಾಗಲೂ ಇದಕ್ಕೆ ಎರಡು ಕೊಡ ನೀರು ತಪ್ಪಿಸಿರಲಿಲ್ಲ.

"ನನ್ನ ಕೈಗುಣವೇ ಸರಿ ಇಲ್ಲ ಅಂತಾರೆ ಅತ್ತೆ. ಈಗ ಬಸಳೆ ಬಳ್ಳಿಯನ್ನೂ ಮುಟ್ಲಿಕ್ಕೆ ಬಿಡುದಿಲ್ಲ."

ಗೊಬ್ಬರ ಬದಲಿಸಿ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಅವರ ಮುಖ ನೋಡಿ ಆಗಲಿಲ್ಲ.

"ಅಕ್ಕಾ, ಲಿಚ್ಚಿ ಹೂ ಬಿಡ್ಲಿಕ್ಕೆ ಒಳ್ಳೆ ಚಳಿ ಬೇಕು. ನಮ್ಮ ಸೆಕೆಗೆ ಅದು ಬರೀ ಎಲೆ ಬಿಡುದು."

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಮಾರುವಾಗಲೇ ಗೊತ್ತಿತ್ತು."

ಅವರು ಬೈಯಲಿಲ್ಲ. "ಒಳಗೆ ಬನ್ನಿ, ಇದನ್ನೇ ಅತ್ತೆಗೂ ಹೇಳಿ" ಅಂದರು.

ಹೋಗಿ ಹೇಳಿದೆ. ಅತ್ತೆ ಪೂರ್ತಿ ಕೇಳಿ, ಸೊಸೆಯ ಕಡೆ ತಿರುಗಿದರು. "ತಾನು ಮಾರಿದ ಗಿಡ ಆಗುದಿಲ್ಲ ಅಂತ ಯಾವ ವ್ಯಾಪಾರಿ ಹೇಳ್ತಾನೆ? ನೀನೇ ಹೇಳಿಸಿದ್ದು."

ಝೊಹರಾಕ್ಕ ನನ್ನ ಮುಖ ನೋಡದೆ ಅಡುಗೆಮನೆಗೆ ಹೋದರು.

ಇಷ್ಟು ವರ್ಷ ಸುಳ್ಳು ಹೇಳಿ ಗಿಡ ಮಾರಿದ್ದೇನೆ. ಒಬ್ಬರೂ ನಂಬದೆ ಹೋದದ್ದಿಲ್ಲ.